ಗೋರಿ ಅಗೆದ ವಿದ್ಯಾರ್ಥಿಗಳು
ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಇಂಟರ್ನ್‌ಶಿಪ್‌ಗೆಂದು ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ದೆಹಲಿಗೆ ಬರುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಇವರು ಕಲಿಯುವುದೇನು, ಸಿಗುವುದೊಂದು ಪ್ರಮಾಣಪತ್ರ ತಾನೆ ಎಂದು ಕಡತಗಳ ನಡುವೆ ಬಾಳುವ ನಮ್ಮಂಥವರು ಹಗುರವಾಗಿ ಆಡುವುದುಂಟು. ಹಾಗೆ ಆಡುವ ಮುನ್ನ ಅರ್ಜೆಂಟೀನಾದ ಚರಿತ್ರೆಯ ಒಂದು ಪುಟವನ್ನು ನಾವು ಓದಬೇಕು.

1976ರಿಂದ 1983ರವರೆಗೆ ಅಲ್ಲಿ ಸೇನಾಡಳಿತವಿತ್ತು. ಸಾವಿರಾರು ಜನ ಕಾಣೆಯಾದರು. ಅವರಲ್ಲಿ ಅನೇಕರನ್ನು ಕೊಂದು, ಹೆಸರಿಲ್ಲದ ಗೋರಿಗಳಲ್ಲಿ ಹೂಳಲಾಗಿತ್ತು. ಪ್ರಜಾಪ್ರಭುತ್ವ ಮರಳಿದಾಗ ಬುಲ್ಡೋಜರ್‌ಗಳು ಆ ಗೋರಿಗಳನ್ನು ಬಗೆದವು. ಮೂಳೆಗಳು ಮುರಿದು ಬೆರೆತುಹೋದವು. ಅವುಗಳೊಡನೆ ಸಾಕ್ಷ್ಯವೂ ಅಳಿಯತೊಡಗಿತು. ಮೊಮ್ಮಕ್ಕಳನ್ನು ಅರಸುತ್ತಿದ್ದ ಅಜ್ಜಿಯರ ಸಂಘ ವಿಜ್ಞಾನಿಗಳ ನೆರವು ಬೇಡಿತು. 1984ರಲ್ಲಿ ಅಮೆರಿಕದಿಂದ ಮೂಳೆಗಳ ತಜ್ಞ ಕ್ಲೈಡ್ ಸ್ನೋ ಬಂದರು. ಅವರೊಡನೆ ಗೋರಿಗಿಳಿದವರು ಮಾನವಶಾಸ್ತ್ರ, ಪುರಾತತ್ವ, ವೈದ್ಯಶಾಸ್ತ್ರಗಳ ವಿದ್ಯಾರ್ಥಿಗಳು. ಸೇನೆ ಮತ್ತೆ ಅಧಿಕಾರ ಹಿಡಿದರೆ ತಮ್ಮ ಗತಿಯೇನೆಂಬ ಭಯ ಅವರಿಗಿತ್ತು. ಆದರೂ ಮಣ್ಣನ್ನು ಕರಣೆಯಿಂದ ಕೆರೆದು, ಕುಂಚದಿಂದ ಒರೆಸಿ, ಒಂದೊಂದೇ ಮೂಳೆಯನ್ನು ಗುರುತಿಸಲು ಕಲಿತರು. 1985ರ ವಿಚಾರಣೆಯಲ್ಲಿ ಸ್ನೋ ಆ ಮೂಳೆಗಳ ಸಾಕ್ಷ್ಯ ನುಡಿದರು. ಸರ್ವಾಧಿಕಾರಿ ವಿಡೆಲಾಗೆ ಜೀವಾವಧಿ ಶಿಕ್ಷೆಯಾಯಿತು.

ಸ್ನೋ ಊರಿಗೆ ಮರಳಿದರೂ ಶಿಷ್ಯರು ಚದುರಲಿಲ್ಲ, ತಂಡವಾಗಿ ನಿಂತರು. 1992ರಲ್ಲಿ ಎಲ್ ಸಾಲ್ವಡಾರ್‌ನ ಎಲ್ ಮೊಸೋಟೆ ಗ್ರಾಮದಲ್ಲಿ ಅವರು ಹೊರತೆಗೆದ ಅಸ್ಥಿಗಳಲ್ಲಿ ಬಹುಪಾಲು ಮಕ್ಕಳವು. ಅಲ್ಲಿ ಹತ್ಯಾಕಾಂಡ ನಡೆದೇ ಇಲ್ಲವೆಂಬ ವಾದ ಅದರೊಂದಿಗೆ ಕುಸಿಯಿತು.

ಕಲಿಯಲು ಬಂದವರನ್ನು ನಾವು ನಕಲು ಪ್ರತಿ ತೆಗೆಯಲು ಕೂರಿಸಿದರೆ, ಕೊರತೆ ಅವರದಲ್ಲ.