ಮಾಂಟಿನೀಯದ ದ್ರಾಕ್ಷಾಮದ್ಯ

ಗ್ರೀಸ್ ದೇಶದ ಪೆಲೊಪೊನೀಸ್ ಪರ್ಯಾಯದ್ವೀಪದಲ್ಲಿ, ಆರ್ಕೇಡಿಯ ಪ್ರಾಂತ್ಯದ ಟ್ರಿಪೊಲಿ ಪಟ್ಟಣದ ಸಮೀಪ, ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿರುವ ಮಾಂಟಿನೀಯ ಪ್ರಸ್ಥಭೂಮಿಯ ದ್ರಾಕ್ಷಿಯಿಂದ ತಯಾರಾಗುವ, ಸಿಹಿಯಿಲ್ಲದ, ಸುಗಂಧಯುಕ್ತವಾದ ಬಿಳಿಯ ಮದ್ಯ.

ಮಾಂಟಿನೀಯ ಬಹು ಪುರಾತನವಾದ ನಗರ. ಹೋಮರನ ಇಲಿಯಡ್ ಕಾವ್ಯದ ನೌಕಾಗಣನೆಯಲ್ಲಿ ಇದರ ಹೆಸರು ಉಕ್ತವಾಗಿದೆ. ಕಡಲನ್ನರಿಯದ ಆರ್ಕೇಡಿಯರಿಗೆ ಅಗಮೆಮ್ನಾನನೇ ಹಡಗುಗಳನ್ನಿತ್ತನೆಂದು ಕವಿ ಅಲ್ಲಿಯೇ ಹೇಳಿದ್ದಾನೆ. ಕ್ರಿ.ಪೂ. 362ರಲ್ಲಿ ಥೀಬ್ಸಿನ ಸೇನಾನಿ ಎಪಮಿನಾಂಡಸ್ ಮಡಿದುದು ಈ ಬಯಲಿನ ಯುದ್ಧದಲ್ಲಿ. ಮದ್ಯದ ಕೀರ್ತಿಯು ಹಡಗನ್ನೇರಿ ಸಂಚರಿಸುತ್ತಿದ್ದ ಆ ಯುಗದಲ್ಲಿ ಪ್ರಶಸ್ತಿ ಸಂದುದು ಕಿಯಾಸ್, ಥಾಸಾಸ್ ಮುಂತಾದ ದ್ವೀಪಗಳಿಗೆ. ಮಧ್ಯಯುಗದಲ್ಲಿಯೂ ಪೆಲೊಪೊನೀಸಿನಿಂದ ಪರದೇಶಗಳಲ್ಲಿ ಹೆಸರಾದುದು ತೀರದ ಮೊನೆಂವಾಸಿಯ ಬಂದರಿನ ಹೆಸರು ಹೊತ್ತ ಸಿಹಿಮದ್ಯವೇ. ಒಳನಾಡಿನ ಮಾಂಟಿನೀಯದ ಖ್ಯಾತಿ ಅರ್ವಾಚೀನವಾದುದು.

ಇಲ್ಲಿನ ಮುಖ್ಯ ತಳಿ ಮಾಸ್ಕೊಫಿಲೆರೊ. ಹೆಸರಿನ ಪೂರ್ವಪದಕ್ಕೆ ಕಸ್ತೂರಿಯೆಂದರ್ಥ. ಆದರೂ ಪ್ರಸಿದ್ಧ ಮಸ್ಕಟ್ ದ್ರಾಕ್ಷಿಯ ಕುಲಕ್ಕೆ ಇದು ಸೇರಿದುದಲ್ಲ. ಸಿಪ್ಪೆ ನಸುಗೆಂಪಾಗಿದ್ದರೂ ತಿರುಳಿನ ರಸಕ್ಕೆ ಆ ಬಣ್ಣವಿಲ್ಲದಿರುವುದರಿಂದ, ಹಣ್ಣನ್ನು ಹಿಂಡಿದೊಡನೆಯೇ ಸಿಪ್ಪೆಯನ್ನು ಬೇರ್ಪಡಿಸಿದರೆ ಬಿಳಿಯ ಮದ್ಯ ದೊರೆಯುತ್ತದೆ. ಹಗಲು ಬಿಸಿಲಿದ್ದರೂ ಇರುಳು ತಣ್ಣಗಾಗುವ ಈ ಎತ್ತರದಲ್ಲಿ ಹಣ್ಣು ನಿಧಾನವಾಗಿ ಪಕ್ವವಾಗುವುದರಿಂದ, ಗ್ರೀಸಿನ ತಗ್ಗುಪ್ರದೇಶಗಳಲ್ಲಿ ಕೊಯ್ಲು ಮುಗಿದಮೇಲೆ, ಸೆಪ್ಟೆಂಬರ್ ಕಡೆಯಲ್ಲಿ ಅಥವಾ ಅಕ್ಟೋಬರಿನಲ್ಲಿ, ಇಲ್ಲಿ ಕೊಯ್ಲು ನಡೆಯುತ್ತದೆ. ಹೀಗೆ ಹುಳಿಯ ಅಂಶ ಕುಂದದೆ, ಸಕ್ಕರೆ ಮಿತಿಮೀರದೆ, ಸಿಪ್ಪೆಯಲ್ಲಿ ಪರಿಮಳದ್ರವ್ಯಗಳು ಸಂಚಿತವಾಗುವುವು. ಮದ್ಯಸಾರ ಸಾಮಾನ್ಯವಾಗಿ ಶೇಕಡ 11ರಿಂದ 12ರಷ್ಟು; ಗುಲಾಬಿಯನ್ನೂ ನಿಂಬೆಯ ಜಾತಿಯ ಹಣ್ಣುಗಳನ್ನೂ ನೆನಪಿಗೆ ತರುವ ಸುವಾಸನೆ ಇದರ ಲಕ್ಷಣ.

1971ರಲ್ಲಿ ಗ್ರೀಕ್ ಸರ್ಕಾರವು ಮಾಂಟಿನೀಯವನ್ನು ಮೂಲಸ್ಥಾನದ ಹೆಸರಾಗಿ ಮಾನ್ಯಮಾಡಿತು. ನಿಯಮದಂತೆ ಈ ಮದ್ಯದಲ್ಲಿ ಶೇಕಡ 85ಕ್ಕೆ ಕಡಮೆಯಿಲ್ಲದಂತೆ ಮಾಸ್ಕೊಫಿಲೆರೊ ಇರತಕ್ಕದ್ದು. ಉಳಿದುದು ಆಸ್ಪ್ರೂದೆಸ್ ಎಂಬ ಬಿಳಿಯ ತಳಿಗಳದು. ಕಾನೂನು ಹೆಸರನ್ನು ಕಾಯ್ದರೆ ಪರಿಮಳವನ್ನು ಕಾಯ್ದದ್ದು ಹೊಸ ವಿಧಾನ: ರಸವನ್ನು ಉಕ್ಕಿನ ತೊಟ್ಟಿಗಳಲ್ಲಿ ತಣ್ಣಗಿರಿಸಿ ಹುದುಗಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದಮೇಲೆ, ಸುಲಭವಾಗಿ ಆರಿಹೋಗುವ ಸುವಾಸನೆಯನ್ನು ಸೀಸೆಯವರೆಗೆ ಉಳಿಸಿಕೊಳ್ಳುವುದು ಸಾಧ್ಯವಾಯಿತು. 1989ರಲ್ಲಿ ಯಾನಿಸ್ ತ್ಸೆಲೆಪೊಸ್ ಸ್ಥಾಪಿಸಿದ ಮದ್ಯಶಾಲೆ ಈ ಹೊಸ ತಲೆಮಾರಿನ ಪ್ರಮುಖ ಸಂಸ್ಥೆಗಳಲ್ಲೊಂದು. ಇದೇ ದ್ರಾಕ್ಷಿಯಿಂದ ನೊರೆಯುಕ್ಕುವ ಮದ್ಯವನ್ನೂ ತಯಾರಿಸುವುದುಂಟು.

ಇದು ಬಹುಕಾಲ ಕೂಡಿಡತಕ್ಕ ಮದ್ಯವಲ್ಲ. ಪರಿಮಳ ಮಾಸುವ ಮೊದಲೇ, ತಯಾರಾದ ಎರಡು ಮೂರು ವರ್ಷಗಳೊಳಗೆ ಸೇವಿಸುವುದು ವಾಡಿಕೆ.