ತಾಳ ತಪ್ಪಿದ ಎದೆಬಡಿತ: ಮಾತ್ರೆಯೋ, ಯಂತ್ರವೋ?

ಬಸವಾಪಟ್ಟಣದಲ್ಲಿ ಒಬ್ಬರ ಹೃದಯದ ಕೆಳಕೋಣೆ ಬಡಿಯುವುದನ್ನು ಬಿಟ್ಟು ಬರೀ ಅದುರತೊಡಗಿದರೆ ಉಳಿಯುವುದು ಕೆಲವೇ ನಿಮಿಷ. ದಾವಣಗೆರೆಯ ಆಸ್ಪತ್ರೆ ಮುಟ್ಟಲು ಅದು ಸಾಲದು. ಅದಕ್ಕೇ ವೈದ್ಯರು ಬಹುಕಾಲ ಮುಂಚಿತವಾಗಿ ಕೊಡುವ ಮಾತ್ರೆಗಳನ್ನು ನೆಚ್ಚಿಕೊಂಡಿದ್ದರು.

ಆ ನೆಚ್ಚಿಕೆ 1989ರಲ್ಲಿ ಕುಸಿಯಿತು. ಹೃದಯಾಘಾತವಾಗಿದ್ದವರಿಗೆ ಕೊಟ್ಟ ಫ್ಲೆಕಾನೈಡ್, ಎನ್ಕಾನೈಡ್ ಮಾತ್ರೆಗಳು ತಪ್ಪುಬಡಿತಗಳನ್ನೇನೋ ಅಡಗಿಸಿದವು. ಆದರೆ ಅವನ್ನು ನುಂಗಿದವರೇ ಹೆಚ್ಚು ಮಂದಿ ಸತ್ತರು! ಪರೀಕ್ಷೆಯ ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಪೋಲೆಂಡ್ ಮೂಲದ ಮಿಷೆಲ್ ಮಿರೋವ್ಸ್ಕಿ ಬೇರೆ ದಾರಿ ಹಿಡಿದಿದ್ದರು. 1966ರಲ್ಲಿ ಹಿರಿಯ ಸಹೋದ್ಯೋಗಿಯನ್ನು ಇಂಥದೇ ಲಯದೋಷದಿಂದ ಕಳೆದುಕೊಂಡ ಅವರು, ಆಸ್ಪತ್ರೆಯ ಶಾಕ್ ಯಂತ್ರವನ್ನೇ ಕುಗ್ಗಿಸಿ ದೇಹದೊಳಗೆ ಇಡಲು ಹೊರಟರು. 1980ರಲ್ಲಿ ಬಾಲ್ಟಿಮೋರ್‌ನಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಪ್ರಾಣಾಪಾಯದಿಂದ ಪಾರಾದವರಿಗೆ ಅಮಿಯೋಡರೋನ್ ಮಾತ್ರೆಗಿಂತ ಈ 'ಐಸಿಡಿ'ಯೇ ಮೇಲೆಂದು 1997ರಲ್ಲಿ ಸಿದ್ಧವಾಯಿತು.

ಆದರೆ ಐಸಿಡಿ ಲಯ ತಪ್ಪುವುದನ್ನು ತಡೆಯದು. ತಪ್ಪಿದಾಗ ಎದೆಗೆ ಒದ್ದಂತೆ ಶಾಕ್ ಕೊಡಬಹುದು. ಅದನ್ನು ತಪ್ಪಿಸಲು ಮತ್ತೆ ಮಾತ್ರೆ, ಇಲ್ಲವೇ ರಕ್ತನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ ದೋಷದ ಜಾಗವನ್ನು ಸುಡುವ ಅಬ್ಲೇಷನ್. ಹಳೆಯ ಹೃದಯಾಘಾತದ 416 ಐಸಿಡಿ ರೋಗಿಗಳನ್ನು ಹೋಲಿಸಿದ ವರದಿ 2024ರಲ್ಲಿ ಬಂತು. ಸಾವು, ಶಾಕ್ ಅಥವಾ ಗಂಭೀರ ಲಯದೋಷ ಕಂಡದ್ದು ಅಬ್ಲೇಷನ್ ಆದವರಲ್ಲಿ ನೂರಕ್ಕೆ 51, ಮಾತ್ರೆಯವರಲ್ಲಿ 61. ಸಾವಿನ ಲೆಕ್ಕವನ್ನಷ್ಟೇ ತೆಗೆದರೆ ಖಚಿತ ವ್ಯತ್ಯಾಸ ಕಾಣಲಿಲ್ಲ.