ಮಕ್ಕಳ ಹೊಟ್ಟೆಯ ಕಲ್ಲು: ಒಂದು ಊಟದ ಇತಿಹಾಸ

🪨 ಭಾಗ 1/5

1901. ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿ ಒಂದು ಹಳೇ ಸಮಾಧಿ ತೆಗೆದರು. ಪಿರಮಿಡ್ ಕಟ್ಟೋಕೆ ಎಷ್ಟೋ ಶತಮಾನ ಮೊದಲಿನ ಸಮಾಧಿ ಅದು. ಒಳಗಿದ್ದದ್ದು ಸುಮಾರು 16 ವರ್ಷದ ಹುಡುಗನ ಅಸ್ಥಿ. ಸೊಂಟದ ಮೂಳೆಗಳ ನಡುವೆ ಒಂದು ಕಲ್ಲು ಸಿಕ್ಕಿತು. ಮಣ್ಣಿನಲ್ಲಿದ್ದ ಕಲ್ಲಲ್ಲ, ಹುಡುಗನ ಮೂತ್ರಚೀಲದಲ್ಲಿ ಬೆಳೆದ ಕಲ್ಲು!

ಅಂಗರಚನಾ ತಜ್ಞ ಗ್ರಾಫ್ಟನ್ ಎಲಿಯಟ್ ಸ್ಮಿತ್ ಗುರುತಿಸಿದ ಆ ಕಲ್ಲು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಮ್ಯೂಸಿಯಂ ಸೇರಿತು. ಸಾವಿರಾರು ವರ್ಷ ಮರಳಿನಲ್ಲಿ ಉಳಿದಿದ್ದ ಕಲ್ಲು, 1941ರಲ್ಲಿ ಮ್ಯೂಸಿಯಂ ಮೇಲೆ ಬಿದ್ದ ಜರ್ಮನ್ ಬಾಂಬಿಗೆ ನಾಶವಾಯ್ತು.

"ಕಿಡ್ನಿ ಸ್ಟೋನ್ ದೊಡ್ಡವರ ಕಾಯಿಲೆ, ಮಕ್ಕಳಿಗೆಲ್ಲಿ ಬರುತ್ತೆ?" ಅಂತ ನಾವು ಅಂದ್ಕೊಂಡಿದೀವಿ ಅಲ್ವಾ? ಇತಿಹಾಸ ಉಲ್ಟಾ ಹೇಳುತ್ತೆ. ಬಹುಕಾಲ ಇದು ಮಕ್ಕಳದೇ ಕಾಯಿಲೆಯಾಗಿತ್ತು, ಅದರಲ್ಲೂ ಬಡವರ ಮನೆಯ ಗಂಡುಮಕ್ಕಳದ್ದು.

ಒಂದು ವ್ಯತ್ಯಾಸ ಮೊದಲೇ ಹೇಳಿಬಿಡ್ತೀನಿ. ಹಿಂದಿನ ಮಕ್ಕಳಿಗೆ ಕಲ್ಲು ಆಗ್ತಿದ್ದದ್ದು ಹೆಚ್ಚಾಗಿ ಕೆಳಗೆ, ಮೂತ್ರಚೀಲದಲ್ಲಿ. ಇವತ್ತಿನ ಮಕ್ಕಳಿಗೆ ಆಗೋದು ಹೆಚ್ಚಾಗಿ ಮೇಲೆ, ಕಿಡ್ನಿಯಲ್ಲಿ. ಕಲ್ಲು ಯಾಕೆ ಜಾಗ ಬದಲಾಯಿಸ್ತು? ಇಡೀ ಸರಣಿ ಈ ಪ್ರಶ್ನೆಯ ಸುತ್ತ. ಉತ್ತರ ಆಸ್ಪತ್ರೆಯಲ್ಲಿಲ್ಲ, ಅಡುಗೆಮನೆಯಲ್ಲಿದೆ.

🪨 ಭಾಗ 2/5

ನಮ್ಮ ಸುಶ್ರುತ ಸಂಹಿತೆಯಲ್ಲಿ ಈ ಕಾಯಿಲೆಗೆ "ಅಶ್ಮರಿ" ಅಂತ ಹೆಸರು. ಅಶ್ಮ ಅಂದ್ರೆ ಕಲ್ಲು. ಅಶ್ಮರಿ ಹೆಚ್ಚಾಗಿ ಮಕ್ಕಳಲ್ಲೇ ಕಾಣಿಸುತ್ತೆ ಅಂತ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾರಣಗಳ ಪಟ್ಟಿಯಲ್ಲಿ ಇರೋದೂ ಊಟದ ವಿಷಯವೇ. ಜೊತೆಗೆ ಇನ್ನೊಂದು ಮಾತಿದೆ: ಮಕ್ಕಳ ಮೂತ್ರಚೀಲ ಚಿಕ್ಕದು, ಮಾಂಸ ಕಡಿಮೆ, ಹಾಗಾಗಿ ಕಲ್ಲನ್ನು ಹಿಡಿದು ತೆಗೆಯೋದು ಸುಲಭ.

ಸುಲಭ ಅಂದ್ರೂ ಆ ದೃಶ್ಯ ಊಹಿಸಿಕೊಳ್ಳಿ. ರೋಗಿಯನ್ನು ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ತೊಡೆಯ ಮೇಲೆ ಮಲಗಿಸಬೇಕು. ವೈದ್ಯ ಗುದದ್ವಾರದ ಮೂಲಕ ಎರಡು ಬೆರಳು ಹಾಕಿ ಕಲ್ಲನ್ನು ಕೆಳಕ್ಕೆ ತರಬೇಕು. ಆಮೇಲೆ ಎಡಬದಿಗೆ ಕೊಯ್ದು ಕಲ್ಲು ತೆಗೀಬೇಕು. ಇವತ್ತಿನ ಅರಿವಳಿಕೆ ಇಲ್ಲ! ಅದಕ್ಕೇ ಗ್ರಂಥ ಎಚ್ಚರಿಸುತ್ತೆ: ಶಸ್ತ್ರ ಮಾಡದಿದ್ರೆ ಸಾವು ಖಚಿತ, ಮಾಡಿದ್ರೂ ಬದುಕೋದು ಅನುಮಾನ. ಹಾಗಾಗಿ ರಾಜನ ಅಪ್ಪಣೆ ಪಡೆದೇ ಕೈ ಹಾಕಬೇಕು.

ಗ್ರೀಸಿನ ಹಿಪ್ಪೊಕ್ರೆಟಿಸ್ ಪ್ರತಿಜ್ಞೆಯಲ್ಲಂತೂ ಕಲ್ಲು ಕೊಯ್ಯುವ ಕೆಲಸ ನಾನು ಮಾಡಲ್ಲ, ಪಳಗಿದವರಿಗೆ ಬಿಡ್ತೀನಿ ಅನ್ನೋ ಮಾತಿದೆ. ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್, 9ರಿಂದ 14 ವರ್ಷದೊಳಗಿನ ಮಕ್ಕಳಿಗೆ ಮಾತ್ರ, ಅದೂ ವಸಂತಕಾಲದಲ್ಲಿ ಮಾಡಿ ಅಂದ.

ಮೂರು ನಾಡು, ಮೂರು ಭಾಷೆ, ಆದರೆ ಭಯ ಒಂದೇ. ಗಮನಿಸಿ, ಸುಶ್ರುತ ಸಂಹಿತೆಗೂ ಸೆಲ್ಸಸ್‌ಗೂ ಕಲ್ಲು ಅಂದಾಗ ಕಣ್ಮುಂದೆ ಬಂದದ್ದು ಒಂದು ಮಗು.

🪨 ಭಾಗ 3/5

ಈಗ ಇಂಗ್ಲೆಂಡಿಗೆ ಬನ್ನಿ. ಪೂರ್ವ ತೀರದ ನಾರ್ಫೋಕ್ ಜಿಲ್ಲೆಯಲ್ಲಿ ಕಲ್ಲಿನ ಕಾಯಿಲೆ ಎಷ್ಟಿತ್ತು ಅಂದ್ರೆ, 1771-72ರಲ್ಲಿ ಶುರುವಾದ ನಾರ್ಫೋಕ್ ಅಂಡ್ ನಾರ್ವಿಚ್ ಆಸ್ಪತ್ರೆ ಆ ಶಸ್ತ್ರಚಿಕಿತ್ಸೆಗೇ ಹೆಸರಾಯ್ತು. ತೆಗೆದ ಕಲ್ಲುಗಳನ್ನು ಎಸೆಯದೆ, ರೋಗಿಯ ವಿವರ ಬರೆದು ಜೋಪಾನ ಮಾಡಿದರು. ಆ ರೋಗಿಗಳಲ್ಲಿ ಅರ್ಧದ ಹತ್ತಿರ ಮಕ್ಕಳೇ. ಈಥರ್ ಬಂದದ್ದು 1846ರಲ್ಲಿ. ಅದಕ್ಕೂ ಮೊದಲಿನ ಮಕ್ಕಳೆಲ್ಲ ಎಚ್ಚರವಿದ್ದೇ ಇದನ್ನು ಅನುಭವಿಸಿದವರು.

ಆಮೇಲೆ ಒಂದು ವಿಚಿತ್ರ ನಡೀತು. 20ನೇ ಶತಮಾನ ಬರೋ ಹೊತ್ತಿಗೆ ಇಂಗ್ಲೆಂಡಿನ ಮಕ್ಕಳಲ್ಲಿ ಮೂತ್ರಚೀಲದ ಕಲ್ಲು ಬಹುತೇಕ ಮಾಯ! ಯಾವ ಔಷಧಿಯೂ ಕಂಡುಹಿಡಿದಿರಲಿಲ್ಲ. ಬದಲಾಗಿದ್ದು ಬಡವರ ತಟ್ಟೆ.

ಇದರ ಸುಳಿವು ಸಿಕ್ಕಿದ್ದು ನಮ್ಮ ಪಕ್ಕದಲ್ಲೇ. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋದವರಿಗೆ ಕೂನೂರು ಗೊತ್ತಿರುತ್ತೆ. ಅಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ 1920-30ರ ದಶಕಗಳಲ್ಲಿ ಇಲಿಗಳ ಮೇಲೆ ಆಹಾರದ ಪ್ರಯೋಗ ಮಾಡ್ತಿದ್ದ. ವಾಯವ್ಯ ಭಾರತದಲ್ಲಿ ಕಲ್ಲಿನ ಕಾಯಿಲೆ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಿಮೆ. ಯಾಕೆ? ಬರೀ ಧಾನ್ಯವೇ ತುಂಬಿದ ಆಹಾರ ಕೊಟ್ಟ ಇಲಿಗಳಿಗೆ ಕಲ್ಲಾಯ್ತು. ಅದೇ ಆಹಾರಕ್ಕೆ ಹಾಲು ಸೇರಿಸಿದಾಗ ಆಗಲಿಲ್ಲ. ಅವನ ಪ್ರಯೋಗಾಲಯವೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ಬೆಳೀತು.

1960ರ ದಶಕದಲ್ಲಿ ಥಾಯ್ಲೆಂಡಿನ ಉಬೊನ್ ಪ್ರಾಂತ್ಯದಲ್ಲೂ ಇದೇ ಕಥೆ. ಹಳ್ಳಿಗಳಲ್ಲಿ ಹಸುಗೂಸಿಗೆ ಎದೆಹಾಲಿನ ಜೊತೆ ತೀರಾ ಬೇಗ ಅಂಟಕ್ಕಿ ಅನ್ನ ತಿನ್ನಿಸ್ತಿದ್ರು. ಅನ್ನದಿಂದ ಹೊಟ್ಟೆ ತುಂಬಿದ ಮಗು ಹಾಲು ಕಡಿಮೆ ಕುಡೀತಿತ್ತು, ಮೂತ್ರದಲ್ಲಿ ಫಾಸ್ಫೇಟ್ ಕಡಿಮೆಯಾಗ್ತಿತ್ತು, ಹರಳು ಕಟ್ಟುತ್ತಿತ್ತು. ಫಾಸ್ಫೇಟ್ ಕೊಟ್ಟು ನೋಡಿದಾಗ ಹರಳು ಇಳೀತು.

ತಾಯಂದಿರದು ತಪ್ಪು ಅಂತಲ್ಲ ಮತ್ತೆ. ಹೊಲದ ಕೆಲಸಕ್ಕೆ ಹೋಗೋ ತಾಯಿ ಮಗು ಹಸಿದಿರಬಾರದು ಅಂತ ತನ್ನ ಹತ್ರ ಇದ್ದದ್ದನ್ನೇ ಕೊಟ್ಟಳು.

🪨 ಭಾಗ 4/5

ಹಾಲು ಮಕ್ಕಳನ್ನು ಕಲ್ಲಿನಿಂದ ಕಾಪಾಡುತ್ತೆ ಅಂತ ಇತಿಹಾಸ ಹೇಳಿತು. ಆದರೆ 2008ರಲ್ಲಿ ಚೀನಾದಲ್ಲಿ ಆ ಹಾಲೇ ಕಲ್ಲಾಯ್ತು.

ಹಾಲಿಗೆ ನೀರು ಬೆರೆಸಿದ್ರೆ ಪ್ರೋಟೀನ್ ಕಡಿಮೆ ತೋರಿಸುತ್ತೆ. ಪರೀಕ್ಷೆ ಅಳೆಯೋದು ನೇರವಾಗಿ ಪ್ರೋಟೀನನ್ನಲ್ಲ, ಸಾರಜನಕವನ್ನು. ಈ ಸಂದು ಹುಡುಕಿದ ಕಲಬೆರಕೆಯವರು ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸೋ, ಸಾರಜನಕ ತುಂಬಿರೋ ಮೆಲಮೈನ್ ಪುಡಿ ಸೇರಿಸಿದರು. ನೀರು ಹಾಲು ಪರೀಕ್ಷೆಯಲ್ಲಿ ಪಾಸ್! ಆ ಹಾಲು ಸಾನ್ಲು ಮೊದಲಾದ ಕಂಪನಿಗಳ ಶಿಶು ಆಹಾರದ ಡಬ್ಬಿ ಸೇರಿತು.

ಹಸುಗೂಸುಗಳ ಮೂತ್ರದಲ್ಲಿ ಯೂರಿಕ್ ಆಸಿಡ್ ಸಹಜವಾಗಿಯೇ ಹೆಚ್ಚು. ಮೆಲಮೈನ್ ಅದರ ಜೊತೆ ಸೇರಿ ಕಿಡ್ನಿಯಲ್ಲಿ ಕಲ್ಲು ಕಟ್ಟಿತು. ಇನ್ನೂ ಮಾತು ಬಾರದ ಕೂಸುಗಳು "ಇಲ್ಲಿ ನೋವು" ಅಂತ ಹೇಳೋದಾದ್ರೂ ಹೇಗೆ? ಅಳೋದು, ಮೂತ್ರ ನಿಲ್ಲೋದು, ಇಷ್ಟೇ ಲಕ್ಷಣ. ಸರ್ಕಾರಿ ಲೆಕ್ಕದಲ್ಲೇ ಸುಮಾರು 3 ಲಕ್ಷ ಮಕ್ಕಳಿಗೆ ತೊಂದರೆ, 6 ಸಾವು. 2009ರಲ್ಲಿ ಇಬ್ಬರಿಗೆ ಮರಣದಂಡನೆಯಾಯ್ತು.

ಬೇಗ ಪತ್ತೆಯಾದ ಹೆಚ್ಚಿನ ಮಕ್ಕಳಿಗೆ ಕೊಯ್ಯೋದು ಬೇಕಾಗಲಿಲ್ಲ. ಆ ಪುಡಿ ನಿಲ್ಲಿಸಿ, ದ್ರವ ಕೊಟ್ಟು, ಮೂತ್ರದ ಆಮ್ಲತೆ ತಗ್ಗಿಸಿದಾಗ ಎಷ್ಟೋ ಕಲ್ಲು ತಾನಾಗೇ ಹೊರಬಿತ್ತು. ಸುಶ್ರುತನ ಕಾಲದ ಮಗುವಿಗೆ ಇಲ್ಲದ ಭಾಗ್ಯ ಅದು.

🪨 ಭಾಗ 5/5 (ಕೊನೆಯದು, ಅಪ್ಪ-ಅಮ್ಮಂದಿರು ಓದಲೇಬೇಕು)

ಹಾಗಾದ್ರೆ ಇವತ್ತಿನ ಕಲ್ಲು ಏನು ಹೇಳ್ತಿದೆ? ಹಳೇ ಕಲ್ಲು ಹಾಲಿಲ್ಲದ ತಟ್ಟೆಯ ಗುರುತು. ಇಂದಿನ ಕಿಡ್ನಿ ಕಲ್ಲು ಎಷ್ಟೋ ಸಲ ಉಪ್ಪು ಜಾಸ್ತಿ, ನೀರು ಕಡಿಮೆ ಆದ ದಿನಚರಿಯ ಗುರುತು. ಚಿಪ್ಸ್, ನೂಡಲ್ಸ್ ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತೆ. ಇನ್ನು ನೀರು? ನಮ್ಮ ಶಾಲೆಯ ದಿನ ನೆನಪಿಸಿಕೊಳ್ಳಿ. ಟಾಯ್ಲೆಟ್ ಗಲೀಜು ಅಂತ ನೀರೇ ಕುಡಿಯದೆ ಸಂಜೆವರೆಗೂ ತಡ್ಕೊಂಡವರು ನಾವೇ ಅಲ್ವಾ?

ಆದರೆ ಎಲ್ಲ ಕಲ್ಲಿಗೂ ಊಟವೇ ಕಾರಣ ಅಲ್ಲ. ಹುಟ್ಟಿನಿಂದ ಬಂದ ದೋಷ, ಮೂತ್ರದ ಸೋಂಕು, ಮೂತ್ರನಾಳದ ಅಡ್ಡಿಯೂ ಇರಬಹುದು. ಅದಕ್ಕೇ ಮಗುವಿಗೆ ಒಂದೇ ಒಂದು ಕಲ್ಲು ಬಂದ್ರೂ ಕಾರಣ ಹುಡುಕಿಸಬೇಕು.

✅ ಹೊಟ್ಟೆ ಅಥವಾ ಪಕ್ಕೆ ನೋವು, ಕೆಂಪು ಮೂತ್ರ, ಮೂತ್ರ ಮಾಡುವಾಗ ಅಳು ಇದ್ರೆ ಡಾಕ್ಟರ್ ಹತ್ರ ಹೋಗಿ. ಮೊದಲ ಪರೀಕ್ಷೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಸ್ಕ್ಯಾನ್, ಅದರಲ್ಲಿ ವಿಕಿರಣ ಇಲ್ಲ.
✅ ನೋವಿನ ಜೊತೆ ಜ್ವರ, ನಿಲ್ಲದ ವಾಂತಿ, ಮೂತ್ರ ನಿಂತು ಹೋಗೋದು ಇದ್ರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ.
✅ ಬಿದ್ದ ಕಲ್ಲನ್ನು ಎಸೆಯಬೇಡಿ, ಚಿಕ್ಕ ಡಬ್ಬಿಯಲ್ಲಿ ಹಾಕಿ ತಗೊಂಡು ಹೋಗಿ. ಅದು ಯಾವ ಕಲ್ಲು ಅಂತ ಗೊತ್ತಾದ್ರೆ ಮುಂದಿನ ಕಲ್ಲು ತಡೆಯೋದು ಸುಲಭ.
✅ "ಕ್ಯಾಲ್ಸಿಯಂ ಕಲ್ಲು" ಅಂದ ತಕ್ಷಣ ಹಾಲು-ಮೊಸರು ನಿಲ್ಲಿಸಬೇಡಿ. ಊಟದಲ್ಲಿನ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನು ಹಿಡಿದಿಡುತ್ತೆ, ಬೆಳೆಯೋ ಮೂಳೆಗೂ ಅದು ಬೇಕು. ಕಡಿಮೆ ಮಾಡಬೇಕಾದ್ದು ಉಪ್ಪು.
✅ ಅಜ್ಜಿ ಮಾಡೋ ಬಾಳೆದಿಂಡಿನ ಪಲ್ಯ, ಹುರಳಿ ಸಾರು ಊಟವಾಗಿ ಚೆನ್ನಾಗೇ ಇರುತ್ತೆ. ಆದರೆ ಸ್ಕ್ಯಾನ್ ಬದಲು ಅದೇ ಸಾಕು ಅಂತ ಕೂರಬೇಡಿ.

ಚಿಕ್ಕ ಕಲ್ಲು ಎಷ್ಟೋ ಸಲ ತಾನಾಗೇ ಹೋಗುತ್ತೆ. ದೊಡ್ಡದಾದ್ರೆ ಹೊರಗಿನಿಂದ ಆಘಾತ ತರಂಗ ಕೊಟ್ಟು ಪುಡಿ ಮಾಡೋ ವಿಧಾನ 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಬಳಕೆಯಾಯ್ತು, ಈಗ ಮಕ್ಕಳಿಗೂ ಇದೆ. ರಾಜನ ಅಪ್ಪಣೆ ಬೇಕಿಲ್ಲ, ನಿಮ್ಮ ಸಹಿ ಸಾಕು.

ಎಲ್ ಅಮ್ರಾದ ಹುಡುಗನ ಹೆಸರು ನಮಗೆ ಗೊತ್ತಿಲ್ಲ. ಅವನ ನೋವು ಮಾತ್ರ ಕಲ್ಲಾಗಿ ಉಳಿದಿತ್ತು.

ಇವತ್ತು ಸಂಜೆ ನಿಮ್ಮ ಮಗುವಿನ ಸ್ಕೂಲ್ ಬ್ಯಾಗ್ ತೆಗೆದಾಗ ಊಟದ ಡಬ್ಬಿ ನೋಡೋ ಮೊದಲು ನೀರಿನ ಬಾಟಲ್ ನೋಡಿ. ಖಾಲಿಯಾಗಿತ್ತಾ, ತುಂಬಿತ್ತಾ? ಕಾಮೆಂಟಲ್ಲಿ ಹೇಳಿ 👇 ಬೇಕಾದವರಿಗೆ ಶೇರ್ ಮಾಡಿ, ಸೇವ್ ಮಾಡಿಟ್ಕೊಳ್ಳಿ.

#ಕನ್ನಡ #ಇತಿಹಾಸ #ವೈದ್ಯಕೀಯಇತಿಹಾಸ #ಮಕ್ಕಳಆರೋಗ್ಯ #ಕಿಡ್ನಿಕಲ್ಲು